ಎರಡು ಕೇಜಿ ನೂರು ಗ್ರಾಂ

ಸಿ.ಸಿ. ರಸ್ತೆ ಕಳ್ಳಿಬೇಲಿಯ ತನಕ ಬಂದು ನಿಂತಿದೆ.
ಬೇಲಿಯೊಳಗೆ ಚಪ್ಪಲಿ ಬಿಟ್ಟು ನಡೆಯಬೇಕು.
ಹೊರಗೆ ಜಾಲಿಮುಳ್ಳು, ಒಂದು ಹೊಂಗೆಮರ,
ಹೋದ ವರ್ಷ ಕಟ್ಟಿಸಿಕೊಟ್ಟ ಭವನ:
ಹನ್ನೆರಡಡಿ ಉದ್ದ, ಗುಲಾಬಿ ಬಣ್ಣ,
ಬಾಗಿಲ ಮೇಲೆ ತಾಯಿ ಮಗುವಿನ ಚಿತ್ರ.

ಮೊದಲು ಅಲ್ಲಿ ಸೋಗೆ ಗುಡ್ಲಿತ್ತು.
ಬಿರುಗಾಳಿಗೆ ಹಾರಿಹೋಗುತ್ತಿತ್ತು.
ಆಗ, ಇನ್ನು ಕಟ್ಟೋದು ಬೇಡ ಅನ್ನಲಿಕ್ಕಾದರೂ
ಒಂದು ಸಂದಿತ್ತು.
ಈಗ ಸರ್ಕಾರವೇ ಸಿಮೆಂಟು ಹಾಕಿ ಕೊಟ್ಟಿದೆ,
ಯಾವ ಗಾಳಿ ಹಾರಿಸೀತು?

ನಾನು ಈ ಗೊಲ್ಲರಹಟ್ಟಿಯ ಸೊಸೆ. ಎಸ್ಸೆಸ್ಸೆಲ್ಸಿ ಪಾಸು,
ಅದಕ್ಕೇ ಆಶಾ. ಸೀರೆಗೂ ಭವನಕ್ಕೂ ಒಂದೇ ಬಣ್ಣ.
ತಿಂಗಳಿಗೆ ಮೂರು ದಿನ ನಾನೂ ಬೇಲಿಯಾಚೆ ಕೂತು
'ಮುಟ್ಟಿನ ಶುಚಿತ್ವ: ಅರಿವು ಮೂಡಿಸಿದ ಮನೆಗಳು'
ಎಂಬ ಕಾಲಂ ತುಂಬುತ್ತೇನೆ.
ನಗಬೇಡಿ. ನಾನೂ ನಕ್ಕಿಲ್ಲ.

ಮಾಗಿಯ ಚಳಿಯಲ್ಲಿ ಸಣ್ಣೀರಿ ಹೆತ್ತಳು,
ಶಿರಾ ಆಸ್ಪತ್ರೆಯಲ್ಲಿ, ಸಲೀಸಾಗಿ.
ಆಂಬುಲೆನ್ಸು ಬೇಲಿಯ ಹತ್ತಿರ ಇಳಿಸಿ ತಿರುಗಿಕೊಂಡಿತು.
ತಕ್ಕಡಿಯ ಜೋಳಿಗೆಯಲ್ಲಿ ಕೂಸು: ಎರಡು ಕೇಜಿ ನೂರು ಗ್ರಾಂ.
ಅಂಗಾಲು ಬಾವಿಗಲ್ಲಿನ ಹಾಗೆ ತಣ್ಣಗೆ.
ಭವನದ ಬೀಗ ತೆಗೆದೆ. ನೀರಿಲ್ಲದ ನಲ್ಲಿ, ಗಾಜಿಲ್ಲದ ಕಿಟಕಿ,
ಗುತ್ತಿಗೆದಾರ ಬಿಟ್ಟುಹೋದ ಕಲ್ಲಾದ ಸಿಮೆಂಟು ಮೂಟೆ.

ಶುದ್ಧ ನೀರಿನ ಘಟಕ ಒಳಗಿದೆ, ಗುಡಿಯ ಪಕ್ಕ.
ಐದು ರೂಪಾಯಿ ಕಾಯಿನ್ನಿಗೆ ಇಪ್ಪತ್ತು ಲೀಟರು.
ಬಾಣಂತಿಗೆ ಹಳೇ ಬೋರಿನ ನೀರೇ:
ನಮ್ಮ ಹಲ್ಲಿಗೆಲ್ಲ ಕಂದು ಗೆರೆ ಎಳೆದ,
ಮಾವನ ಮಂಡಿಯನ್ನು ಮಡಚದಂತೆ ಮಾಡಿದ
ಅದೇ ಒಂಬೈನೂರಡಿಯ ನೀರು.

ಮೈಗೆ ಮೈ ತಾಗಿಸಿ ಬೆಚ್ಚಗಿಡಬೇಕು, ಒಳಗೆ ಬಿಡಿ ಅಂದೆ.
ಯಜಮಾನ ಚಿತ್ತಯ್ಯ ಕೆಟ್ಟವನಲ್ಲ,
ಪೋಲಿಯೋ ಹನಿಯ ದಿನ ನನಗೆ ಕುರ್ಚಿ ಹಾಕಿಸುತ್ತಾನೆ.
"ಕಾನೂನು ನಂಗೂ ಗೊತ್ತವ್ವಾ," ಅಂದ,
"ದೇವ್ರಿಗೆ ಗೊತ್ತಿಲ್ವಲ್ಲ."

ಆಗ ಕಾಲೆಳೆಯುತ್ತ ಬಂದಳು ಕ್ಯಾತಕ್ಕ, ಸಣ್ಣೀರಿಯ ಅತ್ತೆ.
ಮಾತಾಡುವವಳಲ್ಲ.
ನಲವತ್ತು ವರ್ಷದ ಹಿಂದೆ ಇದೇ ಹೊಂಗೆಯ ಬುಡದಲ್ಲಿ
ಅವಳದೊಂದು ಗಂಡುಕೂಸು
ಬೆಳಗಿನ ಜಾವಕ್ಕೆ ಅಳು ನಿಲ್ಲಿಸಿತ್ತೆಂದು ಯಾರೂ ಹೇಳುವುದಿಲ್ಲ.
ಅಲ್ಲಿ ಮೂರು ಕಲ್ಲಿವೆ, ಅಷ್ಟೇ.
ಬೇಲಿ ದಾಟಿದಳು. ಕೂಸನ್ನೆತ್ತಿ
ಸೆರಗಿನೊಳಗೆ ಎದೆಗೆ ಒತ್ತಿಕೊಂಡಳು.
"ಮುಟ್ಟಿದೆ," ಅಂದಳು. "ಇನ್ನು ನಾನೂ ಹೊರಗೆ."

ಅತ್ತೆಗೆ ಕಂಬಳಿ ಕೊಡಲು ಬಂದ ಹಿರಿಸೊಸೆ ಮುಟ್ಟಿದಳು.
ಜುಂಜಮ್ಮ ಬೇಕಂತಲೇ ಮುಟ್ಟಿದಳು.
ಯಜಮಾನನ ಹೆಂಡತಿ ತುಸುಹೊತ್ತು ಬೇಲಿಯ ಹತ್ತಿರ ನಿಂತಿದ್ದು
ಸೌದೆಗೆ ಬಂದವಳಂತೆ ಬಂದು
ಒಂದೇ ಒಂದು ಕಾಲ್ಬೆರಳನ್ನು.
ಕತ್ತಲಾಗುವುದರೊಳಗೆ ಹದಿನೇಳು ಮಂದಿ.
ಕಲ್ಲಾದ ಸಿಮೆಂಟು ಮೂಟೆ ಒಲೆಗುಂಡಾಯಿತು.
ಎದೆಯಿಂದೆದೆಗೆ ದಾಟುತ್ತ ಕೂಸು ಇರುಳು ಕಳೆಯಿತು.

ಒಳಗೆ ಗಂಡಸರು ಮುದ್ದೆಕೋಲು ಹಿಡಿದು
ಒಬ್ಬರ ಮುಖ ಒಬ್ಬರು ನೋಡಿಕೊಂಡರು.
ಎಸರು ಉಕ್ಕಿತು. ಮುದ್ದೆಯೆಲ್ಲ ಗಂಟು.

ಮೂರನೇ ಸಂಜೆ ಯಜಮಾನ ಬೇಲಿಗೆ ಬಂದ. "ಎಷ್ಟು ದಿನ?"
"ದೇವ್ರನ್ನೇ ಕೇಳ್ಕಂಬಾ," ಅಂದಳು ಕ್ಯಾತಕ್ಕ.
ಪೂಜಾರಿ ಹೂ ಕೇಳಿದ. ಬಲಕ್ಕೆ ಬಿತ್ತಂತೆ.
ಎಡಕ್ಕೆ ಬಿದ್ದಿದ್ದರೆ ಇನ್ನೊಮ್ಮೆ ಕೇಳುತ್ತಿದ್ದನೆಂದು ನನ್ನ ಗುಮಾನಿ.

ಎಲ್ಲ ಸರಿಹೋಯಿತೆಂದು ಬರೆಯಲಾರೆ.
ಕೂಸು ಒಳಗೆ ಹೋಯಿತು, ಹಿತ್ತಲ ಬಾಗಿಲಿಂದ.
ಸಣ್ಣೀರಿಗೆ ಒಂದು ಮೂಲೆ, ಬೇರೆ ಚೊಂಬು.
ನನ್ನ ಮೂರು ದಿನ ಇನ್ನೂ ಬೇಲಿಯಾಚೆಯೇ.
ಈ ತಿಂಗಳು ಮಾತ್ರ ಕಳ್ಳಿಯ ಪಕ್ಕ
ತುಂಬಿದ ಬಿಂದಿಗೆಯೊಂದಿತ್ತು, ಘಟಕದ ನೀರು.
ಯಾರಿಟ್ಟರೋ, ಕೇಳಲಿಲ್ಲ. ಕುಡಿದೆ.

ಇವತ್ತು ತಕ್ಕಡಿ ಮೂರು ಕೇಜಿ ನಾನೂರು ತೋರಿಸಿತು.
ರಿಜಿಸ್ಟರಿನಲ್ಲಿ 'ಕಾರಣ' ಎಂಬ ಕಾಲಂ ಇಲ್ಲ.
ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡೆ:
ಮುಟ್ಟಿದ್ದು.